ಹಾಯಿದೋಣಿಯ ಪ್ರವಾಸಕ್ಕೆ ಸಿದ್ಧತೆ

ನಮ್ಮ ಬೊಮ್ರಾಸಪೇಟೆಗೆ ಸಮುದ್ರ ಬಹು ದೂರ. ಆದರೂ ನಮ್ಮ ಹೈದರಾಬಾದಿನವರಾದ ಐಶ್ವರ್ಯಾ ಬೊಡ್ಡಪಾಟಿ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಅವರನ್ನೊಳಗೊಂಡ ನೌಕಾದಳದ ಆರು ಮಹಿಳಾ ಅಧಿಕಾರಿಗಳು 'ತಾರಿಣಿ' ಎಂಬ 17 ಮೀಟರ್ ಉದ್ದದ ದೋಣಿಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟು, 2018ರ ಮೇ 21ರಂದು ಮರಳಿದರು. ಪ್ರಯಾಣಕ್ಕೆ ಹಿಡಿದದ್ದು ಎಂಟು ತಿಂಗಳು. ಅಭ್ಯಾಸಕ್ಕೆ ಅದಕ್ಕಿಂತ ಹೆಚ್ಚು.

ರಜೆಯಲ್ಲಿ ದೋಣಿಯನ್ನು ಬಾಡಿಗೆಗೆ ಪಡೆದು ನಾಲ್ಕು ದಿನ ವಿಹರಿಸುವವರೂ ಮೊದಲು ಲೆಕ್ಕ ಹಾಕಬೇಕು. ಒಂದು ಕಡಲ ಮೈಲಿ ಎಂದರೆ 1.852 ಕಿಲೋಮೀಟರು. ಗಂಟೆಗೆ 5 ಮೈಲಿ ಸಾಗುವ ದೋಣಿಗೆ 30 ಮೈಲಿ ದಾಟಲು 6 ಗಂಟೆ ಬೇಕು. ಗಾಳಿ ಎದುರಾದರೆ ನೇರವಾಗಿ ಹೋಗಲಾಗದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು, ದಾರಿ ಉದ್ದವಾಗುತ್ತದೆ. ಆದ್ದರಿಂದ ಬೆಳಿಗ್ಗೆಯೇ ಹೊರಟು ಹಗಲಿರುವಾಗಲೇ ದಡ ಸೇರುವಂತೆ ಎಣಿಸಬೇಕು. ಹವಾಮಾನದ ವರದಿ ಕೇಳದೆ ಹಗ್ಗ ಬಿಚ್ಚಬಾರದು. ಪಶ್ಚಿಮ ಕರಾವಳಿಯಲ್ಲಂತೂ ಜೂನ್‌ನಿಂದ ಆಗಸ್ಟ್‌ವರೆಗೆ ಇಂಥ ವಿಹಾರದ ಮಾತೇ ಬೇಡ!

ಕಡಲ ನೀರು ಕುಡಿದರೆ, ಅದರ ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗಿ ದಾಹ ಏರುತ್ತದೆ. ಸಿಹಿನೀರನ್ನು ಅಳೆದು ಒಯ್ಯಬೇಕು. ಬಟ್ಟೆಗಳು ಮೆತ್ತನೆಯ ಚೀಲದಲ್ಲಿರಲಿ. ಟ್ರಂಕು ಇಡಲು ದೋಣಿಯಲ್ಲಿ ಸ್ಥಳವಿರದು.

ಇನ್ನು ಜೀವರಕ್ಷಕ ಜಾಕೆಟ್ಟು. ಈಜು ಬಲ್ಲವರೂ ತೊಡಬೇಕು. ಬೀಳುವಾಗ ತಲೆಗೆ ಪೆಟ್ಟಾದವನು ಈಜಲಾರ. ದೊಡ್ಡವರದನ್ನು ಮಕ್ಕಳಿಗೆ ತೊಡಿಸಿದರೆ ನೀರಿನಲ್ಲಿ ಅದು ತಲೆಯ ಮೇಲಕ್ಕೆ ಜಾರುತ್ತದೆ. ಪಾಲಕರೇ, ಹುಸೇನ ಸಾಗರದಲ್ಲಿ ಅರ್ಧ ಗಂಟೆ ದೋಣಿ ಹತ್ತಿಸುವಾಗಲೂ ಮಗುವಿನ ಅಳತೆಯ ಜಾಕೆಟ್ಟನ್ನೇ ಕೇಳಿ ಪಡೆಯಿರಿ; ಪಟ್ಟಿಗಳನ್ನು ನೀವೇ ಬಿಗಿದು ನೋಡಿರಿ.