ಎರೆಹೊಲ ಹಿಡಿದ ಸೋದರಸೊಸೆಗೆ

ಪ್ರೀತಿಯ ಮಗಳೇ,

ಆಲೂರು ಕಡೆಯ ಹೊಲವನ್ನು ಈ ಮುಂಗಾರಿನಿಂದ ನೀನೇ ನೋಡಿಕೊಳ್ಳುತ್ತೀಯಂತೆ. ಸಂತೋಷವಾಯಿತು. ರಾಸಾಯನಿಕ, ಸಾವಯವ, ಪ್ರಕೃತಿ ಬೇಸಾಯ ಇವುಗಳಲ್ಲಿ ಪರಿಸರಕ್ಕೆ ಯಾವುದು ಒಳ್ಳೆಯದು ಎಂದು ಬರೆದಿದ್ದೀಯ. ಹೆಸರನ್ನು ಆಮೇಲೆ ಆರಿಸು. ಬಿದ್ದ ಮಳೆ ನಿನ್ನ ಹೊಲದೊಳಗೆ ಇಳಿಯುತ್ತದೋ, ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತದೋ, ಮೊದಲು ಅದನ್ನು ನೋಡು.

ಈಗ ಆಂಧ್ರದಲ್ಲಿರುವ ನಮ್ಮ ಆದೋನಿ, ಆಲೂರು 1953ರವರೆಗೆ ಬಳ್ಳಾರಿ ಜಿಲ್ಲೆಯವು. ಆಗಿನ ಹತ್ತಿ ಹೊಲದಲ್ಲಿ ಹತ್ತಿಯೊಂದೇ ಇರುತ್ತಿರಲಿಲ್ಲ. ನವಣೆ, ಜೋಳ, ಅಕ್ಕಡಿಗೆ ತೊಗರಿ. ಒಂದು ಕೈಕೊಟ್ಟರೆ ಇನ್ನೊಂದು. ಹಾಗಂತ ಆ ಕಾಲವನ್ನು ದೇವರ ಜಗಲಿಯ ಮೇಲೆ ಕೂರಿಸಬೇಡ. 1876ರ ಧಾತು ಬರದಲ್ಲಿ ಇದೇ ಸೀಮೆಯ ಜನ ಹಸಿವಿನಿಂದ ಸತ್ತರು, ಆಗ ಯೂರಿಯಾ ಇರಲಿಲ್ಲ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮೊದಮೊದಲು ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಕಡಿಮೆಯಾದದ್ದು ನಿಜ. ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು, ಸ್ಪ್ರೇಯರ್ ಮತ್ತೆ ಬೆನ್ನೇರಿತು. ಆದೋನಿಯಂಥ ಹತ್ತಿ ಪೇಟೆಯ ಸುತ್ತ ಜಿನ್ನಿಂಗ್ ಗಿರಣಿಗಳಲ್ಲಿ ಉಳಿದ ಹತ್ತಿಯೇ ಆ ಹುಳಕ್ಕೆ ತವರು. ಹತ್ತಿ ಕಟ್ಟಿಗೆಯನ್ನು ಬೇಸಿಗೆವರೆಗೂ ಹೊಲದಲ್ಲೇ ಬಿಡುವ ನಾವೂ ಅದಕ್ಕೆ ಊಟ ಹಾಕುತ್ತೇವೆ. ಕಟ್ಟಿಗೆ ಬೇಗ ಕಿತ್ತರೆ ಯಾವ ಬೇಸಾಯಕ್ಕೂ ಲಾಭ.

ಇನ್ನು ಪ್ರಕೃತಿ ಬೇಸಾಯದ ಮಾತು. ಆಂಧ್ರ ಸರ್ಕಾರ ರೈತು ಸಾಧಿಕಾರ ಸಂಸ್ಥೆಯ ಮೂಲಕ ಸುಮಾರು ಹತ್ತು ವರ್ಷದಿಂದ ಇದನ್ನು ಹಳ್ಳಿಹಳ್ಳಿಗೆ ಒಯ್ಯುತ್ತಿದೆ. ಎಲ್ಲರ ಬಾಯಲ್ಲೂ ಸಗಣಿ ಕಲಸಿದ ಜೀವಾಮೃತದ ಡ್ರಮ್ಮು. ನೀನು ಲೆಕ್ಕ ಹಾಕು: ಎಕರೆಗೆ 10 ಕಿಲೋ ಸಗಣಿ ಎಂದರೆ ಅದರಲ್ಲಿ ಸಾರಜನಕ 50 ಗ್ರಾಂ ಸಿಕ್ಕರೆ ಹೆಚ್ಚು, 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಇರುತ್ತದೆ. ಡ್ರಮ್ಮೊಂದನ್ನೇ ನಂಬಿದರೆ ಬೆಳೆ ಬಡವಾಗುತ್ತದೆ. ಈ ಪದ್ಧತಿಯ ನಿಜವಾದ ಬಲ, ನನ್ನ ಕಣ್ಣಿಗೆ, ಮುಂಗಾರಿಗೆ ಮೊದಲೇ ಹತ್ತಾರು ಬಗೆಯ ಬೀಜ ಬೆರೆಸಿ ಒಣ ನೆಲಕ್ಕೆ ಚೆಲ್ಲುವುದರಲ್ಲಿದೆ. ಮೊದಲ ಬಿರುಮಳೆ ಬರುವ ಹೊತ್ತಿಗೆ ಹೊಲ ಬೆತ್ತಲೆ ಇರುವುದಿಲ್ಲ. ಬೆರಕೆಯಲ್ಲಿ ಅಲಸಂದೆ, ಹುರುಳಿ ಇದ್ದರೆ ಒಂದಷ್ಟು ಸಾರಜನಕವೂ ಗಾಳಿಯಿಂದಲೇ ಬರುತ್ತದೆ.

ಯೂರಿಯಾ ಬೇಡವೇ ಬೇಡ ಎಂದು ಆಣೆ ಹಾಕಬೇಡ. ಹೆಚ್ಚಾಗಿ ಸುರಿದದ್ದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ, ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ಆದರೆ 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರವನ್ನು ಏಕಾಏಕಿ ನಿಲ್ಲಿಸಿ, ಅದೇ ವರ್ಷ ಹಿಂದೆಗೆಯಿತು; ಭತ್ತ, ಚಹಾ ಎರಡಕ್ಕೂ ಪೆಟ್ಟು ಬಿತ್ತು. ಬಿಡುವುದಾದರೆ ವರ್ಷವರ್ಷಕ್ಕೆ ಇಳಿಸುತ್ತಾ ಬಿಡು.

ಕಾಲುವೆ ಕೆಳಗಿನ ನಿಮ್ಮ ಇನ್ನೊಂದು ತುಂಡಿನ ಲೆಕ್ಕವೇ ಬೇರೆ. ತುಂಗಭದ್ರೆ ನೀರು ಎರೆಮಣ್ಣಿನಲ್ಲಿ ನಿಂತರೆ ಚೌಳು ಮೇಲೇಳುತ್ತದೆ. ನೀರು ನಿಂತ ಭತ್ತದ ಗದ್ದೆಗೆ ಹಸಿ ಸೊಪ್ಪು, ಸಗಣಿ ಹೆಚ್ಚು ಹಾಕಿದಷ್ಟೂ ಮೀಥೇನ್ ಹೆಚ್ಚು ಹೊರಡುತ್ತದೆ. ಸಾವಯವ ಎಂಬ ಬೋರ್ಡು ಅದನ್ನು ತಡೆಯದು. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ, ಕಾಲುವೆಯ ಕೊನೆಯವರು ನಾವು. ಅಲ್ಲಿ ಭತ್ತವನ್ನೇ ಬಿಟ್ಟು ಜೋಳ, ಕಡಲೆಗೆ ಬಾ.

ಈ ಸಲ ಇಳಿಜಾರಿನ ಎರಡೇ ಎಕರೆಗೆ ಬೆರಕೆ ಬೀಜ ಚೆಲ್ಲು, ಉಳಿದದ್ದು ಅಪ್ಪನ ರೀತಿಯಲ್ಲೇ ನಡೆಯಲಿ. ಎರಡರ ಖರ್ಚನ್ನೂ ಬೇರೆಬೇರೆ ಬರೆದಿಡು, ನಿನ್ನ ಮೈಯ ದುಡಿಮೆಯನ್ನೂ ಸೇರಿಸಿ. ಗೊಬ್ಬರಕ್ಕೆ ಕುರಿಮಂದೆ ತರುಬಿಸು. ಆದರೆ ಬೇಸಿಗೆಯಲ್ಲಿ ಮೊಳೆತ ಹಸುರಿಗೆ ಮೊದಲು ಬಾಯಿ ಹಾಕುವುದೂ ಅದೇ ಮಂದೆ. ಯಾವಾಗ ನಿಲ್ಲಿಸಬೇಕು, ಯಾವಾಗ ಆಚೆ ಹೊಡೆಯಬೇಕು ಎಂದು ಕುರಿಯವರ ಹತ್ತಿರ ಈಗಲೇ ಮಾತಾಡಿಕೋ. ಯುಗಾದಿ ಕಳೆದ ಮೇಲೆ ಹೋದರೆ ಬೇರೆಯವರ ಹೊಲಕ್ಕೆ ಒಪ್ಪಿಕೊಂಡಿರುತ್ತಾರೆ.

ಇಂತಿ,
ನಿನ್ನ ಸೋದರಮಾವ