ಅಮೆರಿಕದ ಚುನಾವಣೆ, ಅಬಿಡ್ಸ್‌ನ ಅಣ್ಣ-ತಮ್ಮ

ಪ್ರಶ್ನೆ:

ಅಕ್ಕಾವ್ರೆ, ನಮ್ಮದು ಅಬಿಡ್ಸ್‌ನಲ್ಲಿ ಜಿ.ಪಿ.ಒ. ಹತ್ತಿರದ ಗಲ್ಲಿಯಲ್ಲಿ ಹಳೆಯ ಮನೆ. ನಮ್ಮ ಯಜಮಾನರ ಅಜ್ಜ ನಿಜಾಮರ ಕಾಲದಲ್ಲಿ ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಕೆಳಗೆ ನಾವು, ಮೇಲೆ ಮೈದುನನ ಸಂಸಾರ. ಯಜಮಾನರು ಕೆನರಾ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮೈದುನನಿಗೆ ಕೋಠಿಯಲ್ಲಿ ಪುಸ್ತಕದ ಅಂಗಡಿ. ನಮ್ಮ ಮಗ ಎಚ್‌-1ಬಿ ಕೆಲಸದ ವೀಸಾ ಮೇಲೆ ಡಲ್ಲಾಸ್‌ನಲ್ಲಿದ್ದಾನೆ. ಸೊಸೆ, ಮೂರು ವರ್ಷದ ಮೊಮ್ಮಗಳು ಜೊತೆಗಿದ್ದಾರೆ. ಮೈದುನನ ಮಗಳು 2025ರ ಮೇ ತಿಂಗಳಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಎಸ್ ಮುಗಿಸಿ, ಓಪಿಟಿ (ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ) ಮೇಲೆ ಚಿಕಾಗೋದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅವಳನ್ನು ಸಾಲ ಮಾಡಿ ಕಳಿಸಿದ್ದು.

2024ರ ನವೆಂಬರಿನಲ್ಲಿ ಟ್ರಂಪ್ ಗೆದ್ದಾಗ ಯಜಮಾನರು ಗಲ್ಲಿಗೆಲ್ಲ ಪೇಡೆ ಹಂಚಿದರು. ಉಪಾಧ್ಯಕ್ಷರ ಹೆಂಡತಿ ತೆಲುಗು ಮನೆತನದ ಹುಡುಗಿ, ಇನ್ನು ನಮ್ಮ ಮಕ್ಕಳಿಗೆ ಚಿಂತೆಯಿಲ್ಲ ಅಂದರು. ಮೈದುನ ಮೊದಲಿನಿಂದ ಕಮಲಾ ಹ್ಯಾರಿಸ್ ಕಡೆ. ಅವಾಗೆಲ್ಲ ಚಹಾ ಕುಡೀತಾ ವಾದ ಮಾಡಿ ನಗುತ್ತಲೇ ಏಳುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಆ ಕೆಲಸದ ವೀಸಾಕ್ಕೆ 1 ಲಕ್ಷ ಡಾಲರ್ ಅಂತ ಸುದ್ದಿ ಬಂತು. ದಸರಾ ಊಟಕ್ಕೆ ಎಲ್ಲ ಕೂತಾಗ ಮೈದುನ, "ಪೇಡೆ ಹಂಚಿದ್ರಲ್ಲಾ ಅಣ್ಣಾ, ಈಗ ಬಿಲ್ ಬಂದದ ನೋಡ್ರಿ. ಎಂಬತ್ತೆಂಟು ಲಕ್ಷ. ಕಟ್ರಿ" ಅಂದ. ಇವರು ಎಲೆ ಬಿಟ್ಟು ಎದ್ದರು. ಅವತ್ತಿನಿಂದ ಅಣ್ಣ-ತಮ್ಮ ಮಾತು ಬಿಟ್ಟಿದ್ದಾರೆ. ಇವರು ರಾತ್ರಿ ಮೂರಕ್ಕೆ ಎದ್ದು ಫೋನಿನಲ್ಲಿ ಅಮೆರಿಕದ ಸುದ್ದಿ ನೋಡುತ್ತಾರೆ. ಮಗ, ಬಂದರೆ ವೀಸಾ ಸ್ಟ್ಯಾಂಪಿಂಗ್ ತಡವಾಗಿ ಇಲ್ಲೇ ಸಿಕ್ಕಿಹಾಕಿಕೊಂಡೇನು ಅಂತ ಈ ಸಲ ಬರಲೇ ಇಲ್ಲ.

ನನ್ನ ಹೆದರಿಕೆಗೆ ಇನ್ನೊಂದು ಕಾರಣವಿದೆ. ನಮ್ಮ ಹಿತ್ತಲಲ್ಲಿ ಒಂದು ಗೋಡೆಯಿದೆ. 1969ರಲ್ಲಿ ವಿ.ವಿ. ಗಿರಿ ಮತ್ತು ಸಂಜೀವ ರೆಡ್ಡಿ ರಾಷ್ಟ್ರಪತಿ ಚುನಾವಣೆಗೆ ನಿಂತಾಗ ನಮ್ಮ ಮಾವನವರಿಗೂ ಅವರ ಅಣ್ಣನಿಗೂ ಜಗಳ ಹತ್ತಿ, ಅಡಿಗೆ ಬೇರೆಯಾಗಿ, ಆ ಗೋಡೆ ಎದ್ದಿತಂತೆ. ಅತ್ತೆಯವರು ಕಡೇತನಕ ಅದನ್ನು ಹೇಳಿ ಅಳುತ್ತಿದ್ದರು. ಗೋಡೆಯ ಆಚೆಯ ಭಾಗ ಈಗ ಬೇರೆಯವರದು. ಮತ್ತೊಂದು ಗೋಡೆ ಏಳುವ ಮುಂಚೆ ನಾನೇನು ಮಾಡಲಿ? ಮಗನಿಗೆ ಹೇಳಿ ಇಬ್ಬರಿಗೂ ಬುದ್ಧಿ ಹೇಳಿಸಲೇ? ಸಂಕ್ರಾಂತಿ ಹತ್ತಿರ ಬಂತು.

— ಒಬ್ಬ ಗೃಹಿಣಿ, ಅಬಿಡ್ಸ್

ಉತ್ತರ:

ತಂಗೀ, ನಿಮ್ಮ ಪತ್ರ ಓದಿದ ಕೂಡಲೇ ಎರಡು ದಿನಾಂಕ ಕೇಳಬೇಕೆನಿಸಿತು. ನಿಮ್ಮ ಮಗನ ಎಚ್‌-1ಬಿ ಅನುಮತಿ ಎಲ್ಲಿಯವರೆಗಿದೆ? ಮೈದುನನ ಮಗಳ ಓಪಿಟಿ ಯಾವಾಗ ಮುಗಿಯುತ್ತದೆ? ಮೂರು ತಿಂಗಳಿಂದ ಒಂದೇ ಸೂರಿನಡಿ ಅಮೆರಿಕದ ಮಾತೇ ನಡೆದಿದೆ. ಆದರೂ ಕೆಳಗಿನವರಿಗೆ ಮೇಲಿನ ದಿನಾಂಕ ಗೊತ್ತಿಲ್ಲ, ಮೇಲಿನವರಿಗೆ ಕೆಳಗಿನದು ಗೊತ್ತಿಲ್ಲ ಎಂದು ನನ್ನ ಅಂದಾಜು.

ಮೊದಲು ಆ 88 ಲಕ್ಷದ ಮಾತು ಮುಗಿಸೋಣ. ಸೆಪ್ಟೆಂಬರ್ 19ರಂದು ಟ್ರಂಪ್ ಸಹಿ ಹಾಕಿದ ಘೋಷಣೆ 21ರಿಂದ ಜಾರಿಗೆ ಬಂತು. ಆ ಎರಡು ದಿನ ದೊಡ್ಡ ಕಂಪನಿಗಳೇ ಗಾಬರಿಬಿದ್ದು, ಹೊರದೇಶದಲ್ಲಿದ್ದ ನೌಕರರಿಗೆ ಕೂಡಲೇ ಮರಳಿ ಬನ್ನಿ ಎಂದು ಬರೆದವು. ನಿಮ್ಮ ಮನೆಯಲ್ಲಿ ಬೆಂಕಿ ಹತ್ತಿದ್ದೂ ಆ ಗಾಬರಿಯ ಸುದ್ದಿಯಿಂದಲೇ. ಆಮೇಲೆ ಅಲ್ಲಿನ ಸರ್ಕಾರ ಕೊಟ್ಟ ವಿವರಣೆ ನಮ್ಮ ಟಿವಿಗಳಲ್ಲಿ ಅಷ್ಟು ಜೋರಾಗಿ ಬರಲಿಲ್ಲ. ಆ ಶುಲ್ಕ ಹೊಸ ಅರ್ಜಿಗೆ, ಅದೂ ಕೆಲಸ ಕೊಡುವ ಕಂಪನಿಗೆ. ಈಗಾಗಲೇ ವೀಸಾ ಇರುವವರಿಗೆ, ನವೀಕರಣಕ್ಕೆ ಅದು ಇಲ್ಲ. ಅಕ್ಟೋಬರ್ 20ರ ಮಾರ್ಗಸೂಚಿಯ ಪ್ರಕಾರ, ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್‌-1ಬಿಗೆ ಬದಲಾಗುವವರಿಗೂ ಇಲ್ಲ. ಅಂದರೆ ಆ ಮಾರ್ಗಸೂಚಿಯಂತೆ ಆ ಬಿಲ್ ನಿಮ್ಮ ಮಗನದೂ ಅಲ್ಲ, ಆ ಹುಡುಗಿಯದೂ ಅಲ್ಲ. ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತಿವೆ, ಆದ್ದರಿಂದ ಇಬ್ಬರೂ ತಂತಮ್ಮ ಕಂಪನಿಯ ವಕೀಲರಿಂದ ಖಚಿತ ಮಾಡಿಕೊಳ್ಳಲಿ. ಮೊಮ್ಮಗಳು ಅಲ್ಲೇ ಹುಟ್ಟಿದವಳಾಗಿದ್ದು, ಅವಳ ಪೌರತ್ವದ ಚಿಂತೆಯಿದ್ದರೆ ಅದನ್ನೂ ಬಿಡಿ. ಹುಟ್ಟಿನಿಂದ ಬರುವ ಪೌರತ್ವದ ಬಗ್ಗೆ ಟ್ರಂಪ್ 2025ರ ಜನವರಿ 20ರಂದು ಹೊರಡಿಸಿದ ಆದೇಶ, ನ್ಯಾಯಾಲಯದಲ್ಲಿ ಅದರ ಗತಿ ಏನೇ ಆದರೂ, ಆ ನಂತರ ಹುಟ್ಟುವ ಮಕ್ಕಳಿಗೆ ಸಂಬಂಧಿಸಿದ್ದು.

ಹಾಗಾದರೆ ಮೈದುನನ ಹೆದರಿಕೆ ಸುಳ್ಳೇ? ಸುಳ್ಳಲ್ಲ, ನಿಮ್ಮ ಯಜಮಾನರಿಗಿಂತ ಅವರಿಗೇ ಹೆದರಲು ಹೆಚ್ಚು ಕಾರಣವಿದೆ. 2025ರ ಡಿಸೆಂಬರ್ ಕೊನೆಯಲ್ಲಿ ಬಂದ ಇನ್ನೊಂದು ನಿಯಮ ಎಚ್‌-1ಬಿಗೆ ಅರ್ಜಿ ಹಾಕುವವರನ್ನು ಆರಿಸುವ ಲಾಟರಿಯ ರೀತಿಯನ್ನೇ ಬದಲಿಸಿದೆ. ಇನ್ನು ಮೇಲೆ ಹೆಚ್ಚು ಸಂಬಳದ ದರ್ಜೆಯವರಿಗೆ ಹೆಚ್ಚು ಚೀಟಿ, ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಕಡಿಮೆ. ನಿಮ್ಮ ಮಗ ಒಳಗೆ ಸೇರಿಯಾಗಿದೆ. ಆ ಹುಡುಗಿ ಇನ್ನೂ ಬಾಗಿಲಲ್ಲಿ ನಿಂತಿದ್ದಾಳೆ, ಹಿಂದೆ ಸಾಲವಿದೆ. ದಸರಾ ದಿನ ನಿಮ್ಮ ಮೈದುನ ಚುಚ್ಚುಮಾತಿನ ವೇಷ ಹಾಕಿ ಹೇಳಿದ್ದು, "ಅಣ್ಣಾ, ನನ್ನ ಮಗಳ ಗತಿ ಏನು" ಎಂಬುದನ್ನೇ ಎಂದು ನಾನು ನಂಬುತ್ತೇನೆ. ನಿಮ್ಮ ಯಜಮಾನರಿಗೆ ಕೇಳಿಸಿದ್ದು ಬರೀ ಹಂಗಿಸಿದ ಮಾತು. ಅವರು ಎಲೆ ಬಿಟ್ಟು ಏಳಲು ಬರೀ ಸಿಟ್ಟು ಸಾಲದು. ಗಲ್ಲಿಗೆ ಸಿಹಿ ಹಂಚಿದವರಿಗೆ ಅದೇ ಗಲ್ಲಿಯಲ್ಲಿ ಈಗ ತಲೆ ಎತ್ತಿ ನಡೆಯುವುದು ಕಷ್ಟವಾಗಿರಬೇಕು. ಆ ಮುಜುಗರಕ್ಕೆ ಸಿಟ್ಟಿನ ಮುಸುಕು ಬಿದ್ದಿದೆ.

ಓಟಿಲ್ಲದ ನಮಗೆ ಆ ದೇಶದ ಅಧ್ಯಕ್ಷರ ಉಸಾಬರಿ ಯಾಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಚುನಾವಣೆಯ ಹೊತ್ತಿಗೆ ತಮಿಳುನಾಡಿನ ತುಳಸೇಂದ್ರಪುರದಲ್ಲಿ ಕಮಲಾ ಹ್ಯಾರಿಸ್‌ಗಾಗಿ ಪೂಜೆ ನಡೆಯಿತು. ಪಶ್ಚಿಮ ಗೋದಾವರಿ ಜಿಲ್ಲೆಯ ವಡ್ಲೂರಿನವರು, ಈಗಿನ ಉಪಾಧ್ಯಕ್ಷರ ಹೆಂಡತಿ ಉಷಾ ವ್ಯಾನ್ಸ್ ನಮ್ಮೂರ ಮೂಲದವರು ಎಂದು ಇನ್ನೊಂದು ಕಡೆಯ ಗೆಲುವಿಗೆ ಪ್ರಾರ್ಥಿಸಿದರು. ಎರಡೂ ಊರಿನವರಿಗೆ ಓಟಿರಲಿಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದಾಗ ನಮ್ಮ ಕಡೆ ಎಷ್ಟು ಜನ ಹಿಗ್ಗಿದರು! ಮಕ್ಕಳು ದುಡಿಯುವ ದೇಶದ ಬಗ್ಗೆ ತಂದೆತಾಯಿಗೆ ಅಭಿಪ್ರಾಯ ಇರಲೇಬೇಕು. ನಿಮ್ಮ ಯಜಮಾನರಿಗೂ ಇರಲಿ, ಮೈದುನನಿಗೂ ಇರಲಿ. ಯಾರದು ಸರಿ ಎಂದು ತೀರ್ಪು ಕೊಡುವ ಕೆಲಸವನ್ನು ನೀವು ತಲೆಗೆ ಕಟ್ಟಿಕೊಳ್ಳಬೇಡಿ.

ಈಗ ಆ ಗೋಡೆಯ ವಿಷಯ. 1969 ಮನೆಗಳನ್ನು ಒಡೆದ ವರ್ಷವೇ ಹೌದು. ನಿಮ್ಮ ಹೈದರಾಬಾದಿನಲ್ಲಿ ಹುಟ್ಟಿದ ಜಾಕೀರ್ ಹುಸೇನ್ ರಾಷ್ಟ್ರಪತಿಯಾಗಿದ್ದಾಗಲೇ ಮೇ 3ರಂದು ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಹಿರಿಯರು ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು. ಪಕ್ಷದ ಅಧ್ಯಕ್ಷರು ನಮ್ಮ ಚಿತ್ರದುರ್ಗದ ಕಡೆಯ ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಗೆ ಆ ಆಯ್ಕೆ ಬೇಡವಾಗಿತ್ತು. ಗಿರಿಯವರು ಪಕ್ಷೇತರರಾಗಿ ನಿಂತರು, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಇಂದಿರಾ ಕರೆ ಕೊಟ್ಟರು. ಗಿರಿ 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ನಿಜಲಿಂಗಪ್ಪ. ಸಂಜೀವ ರೆಡ್ಡಿ ನಿಮ್ಮ ಊರಿನಲ್ಲೇ ಕೂತು ಆಂಧ್ರಪ್ರದೇಶ ಆಳಿದವರು. ಇಬ್ಬರೂ ತೆಲುಗರು, ಇಬ್ಬರೂ ಕನ್ನಡಿಗರಿಗೆ ಬೇಕಾದವರು. ಅಬಿಡ್ಸ್‌ನ ಕನ್ನಡ ಮನೆಯೊಂದು ಎರಡು ಪಾಲಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಅಣ್ಣ-ತಮ್ಮಂದಿರಿಗೂ ಓಟು ಇರಲಿಲ್ಲ. ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಆಗಸ್ಟ್ 20ರಂದು ಎಣಿಕೆಯಾದಾಗ ಮೊದಲ ಸುತ್ತಿನಲ್ಲಿ ಯಾರಿಗೂ ಬೇಕಾದಷ್ಟು ಮತ ಬೀಳಲಿಲ್ಲ. ಎರಡನೇ ಪ್ರಾಶಸ್ತ್ಯದ ಮತಗಳನ್ನೂ ಸೇರಿಸಿ ಗಿರಿಗೆ 4,20,077, ರೆಡ್ಡಿಗೆ 4,05,427 ಮತಮೌಲ್ಯ ಬಂತು. ಅಷ್ಟು ಕಡಿಮೆ ಅಂತರದಲ್ಲಿ ದೇಶದ ದೊಡ್ಡ ಪಕ್ಷವೇ ಸೀಳಿಹೋಗಿ, ನವೆಂಬರಿನಲ್ಲಿ ಎರಡು ಕಾಂಗ್ರೆಸ್ಸುಗಳಾದವು.

ಓಟಿಲ್ಲದ ಜನ ಆಗ ಅಷ್ಟು ಬಿಸಿಯಾದದ್ದೇಕೆ ಎಂಬುದನ್ನು ನೀವು ಗಮನಿಸಬೇಕು. ಚುನಾವಣೆಗೆ ತಿಂಗಳ ಮುಂಚೆ, ಜುಲೈ 19ರಂದು, ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ್ದರು. ಗುಮಾಸ್ತರು, ಟ್ಯಾಕ್ಸಿ-ರಿಕ್ಷಾ ಓಡಿಸುವವರು ದೆಹಲಿಯಲ್ಲಿ ಅವರ ಮನೆ ಮುಂದೆ ಸೇರಿದ್ದು ಅದಕ್ಕೆ. ಸಾಲ ಸಿಗುತ್ತದೆ, ಕೆಲಸ ಸಿಗುತ್ತದೆ ಎಂಬ ಆಸೆ ಒಂದು ಕಡೆ, ಇದ್ದದ್ದೂ ಹೋದೀತೆಂಬ ಭಯ ಇನ್ನೊಂದು ಕಡೆ. ಆ 14ರಲ್ಲಿ ಕೆನರಾ ಬ್ಯಾಂಕೂ ಇತ್ತು, ನಿಮ್ಮ ಯಜಮಾನರ ಅನ್ನ ಅಲ್ಲಿಂದ ಬಂದದ್ದು. ಹೈದರಾಬಾದಿನಲ್ಲಂತೂ ಆ ವರ್ಷ ತೆಲಂಗಾಣ ಹೋರಾಟ. ಗೋಲಿಬಾರು, ಕರ್ಫ್ಯೂ, ಮುಚ್ಚಿದ ಕಾಲೇಜುಗಳು, ನೌಕರಿ ಯಾರಿಗೆ ಎಂಬ ದೊಡ್ಡ ಜಗಳ. ಹಾಗಿರುವಾಗ ನಿಮ್ಮ ಮಾವನವರ ಮನೆ ಬರೀ ಗಿರಿ-ರೆಡ್ಡಿ ಹೆಸರಿಗೆ ಒಡೆಯಿತೆಂದು ನಂಬುವುದು ನನಗೆ ಕಷ್ಟ. ಒಳಗೆ ಯಾವುದೋ ದುಡಿಮೆಯ ಮಾತು, ಪಾಲಿನ ಮಾತು, ಮಕ್ಕಳ ಓದಿನ ಮಾತು ಇದ್ದಿರಬೇಕು. ಯಾರೂ ಅದನ್ನು ನೇರ ಆಡಲಿಲ್ಲ. ಆ ಕಾಲದವರು ನೆಂಟರಲ್ಲಿ ಯಾರಾದರೂ ಇದ್ದರೆ ಹೋಗಿ ಕೇಳಿ.

ಎಂಟು ವರ್ಷದ ನಂತರ ಏನಾಯಿತು ಗೊತ್ತಲ್ಲ? 1977ರ ಜುಲೈನಲ್ಲಿ ಅದೇ ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. 37 ನಾಮಪತ್ರ ಬಂದು 36 ತಿರಸ್ಕೃತವಾಗಿ ಅವರೊಬ್ಬರೇ ಕಣದಲ್ಲಿ ಉಳಿದರು, ಕಾಂಗ್ರೆಸ್ಸೂ ಒಪ್ಪಿತ್ತು. ಅಷ್ಟರತನಕ ಹಂಗಾಮಿ ರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು ಅಧಿಕಾರ ಬಿಟ್ಟುಕೊಟ್ಟರು. ಜಗಳದ ಮೂಲಪುರುಷರೇ ಹೀಗೆ ರಾಜಿಯಾದರು. ನಿಮ್ಮ ಯಜಮಾನರು ಆ ಹೊತ್ತಿಗೆ ಬೆಳೆದ ಹುಡುಗರಾಗಿದ್ದಿರಬೇಕು, ಅವರಿಗೆ ಇದು ನೆನಪಿರುತ್ತದೆ. ಕೇಳಿ ನೋಡಿ, ತಾವಾಗಿಯೇ ಹೇಳಲಿ.

ಇನ್ನು ನೀವು ಮಾಡಬೇಕಾದದ್ದು. ಮಗನನ್ನು ಪಂಚಾಯ್ತಿಗೆ ಕೂಡಿಸಬೇಡಿ. ಅಪ್ಪನಿಗೂ ಕಾಕಾನಿಗೂ ಬುದ್ಧಿ ಹೇಳುವ ಹೊರೆ ಅವನ ಮೇಲೆ ಬೀಳಬಾರದು, ಅವನಿಗೆ ಅಲ್ಲಿನದೇ ಸಾಕಷ್ಟಿದೆ. ಆದರೆ ಚಿಕಾಗೋದ ತಂಗಿಗೆ ಫೋನ್ ಮಾಡು ಎಂದು ಖಂಡಿತ ಹೇಳಿ. ಲಾಟರಿ, ನೋಂದಣಿ, ವಕೀಲರು ಎಲ್ಲವನ್ನೂ ದಾಟಿ ಬಂದವನು ಅವನು.

ಯಜಮಾನರ ಹತ್ತಿರ ಟ್ರಂಪ್ ಹೆಸರೇ ಎತ್ತಬೇಡಿ. "ನೀವು ನಂಬಿದ್ದು ತಪ್ಪಾಯಿತು" ಎಂದು ಒಪ್ಪಿಸಲು ಹೋದರೆ ಅವರು ಇನ್ನಷ್ಟು ಬಿಗಿಯುತ್ತಾರೆ. ಊಟವಾಗಿ ಕೂತಾಗ, "ಮೇಲಿನ ಹುಡುಗಿಯ ಓಪಿಟಿ ಎಂದಿನವರೆಗಿದೆ, ನಿಮಗೆ ಗೊತ್ತೇನ್ರಿ?" ಎಂದು ಒಂದು ಮಾತು ಕೇಳಿ ಸುಮ್ಮನಿರಿ. ಬ್ಯಾಂಕಿನಲ್ಲಿ ದಶಕಗಳ ಕಾಲ ಕಾಗದಪತ್ರ ನೋಡಿದ ಮನುಷ್ಯ, ಮರುದಿನ ತಾವೇ ಆ ವಿಷಯ ತೆಗೆದಾರು.

ಮೈದುನನ ಹತ್ತಿರ ಮಾತ್ರ ಸುತ್ತಿ ಬಳಸಬೇಡಿ. ನೀವು ವೈನಿ, ನಿಮಗೆ ಆ ಹಕ್ಕಿದೆ. ಒಬ್ಬರೇ ಮೇಲೆ ಹೋಗಿ, "ನಾಲ್ಕು ಜನರ ಮುಂದೆ ಅಣ್ಣನಿಗೆ ಬಿಲ್ ಕಟ್ರಿ ಅಂದಿದ್ದು ನನಗೂ ನೋವಾಗಿದೆ" ಎಂದು ಒಂದೇ ಸಲ ಹೇಳಿ, ಅಲ್ಲಿಗೇ ಬಿಡಿ. ಗಂಡನ ರಾಜಕೀಯವನ್ನು ಸಮರ್ಥಿಸಲು ನಿಲ್ಲಬೇಡಿ. ಆಮೇಲೆ ಮಗಳ ಸಾಲದ ಕಂತು ಹೇಗೆ ನಡೆದಿದೆ ಎಂದು ಕೇಳಿ. ಇಷ್ಟು ದಿನ ಯಾರೂ ಅದನ್ನು ಕೇಳಿರಲಿಕ್ಕಿಲ್ಲ.

ಸಂಕ್ರಾಂತಿಗೆ ಕುಸುರೆಳ್ಳು, ಸಜ್ಜಿ ರೊಟ್ಟಿ, ಎಣ್ಣೆಗಾಯಿ ಎಂದಿನಂತೆ ಮೇಲೆ ಹೋಗಲಿ. ಯಜಮಾನರು ಬರಲಿ, ಬಿಡಲಿ, ಅವರ ಮಾತು ಶುರುವಾಗುವುದಕ್ಕೆ ಕಾಯಬೇಡಿ. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಮಕ್ಕಳ ಫೋಟೋ ಬರಲಿ, ನಾಯಕರ ವಿಡಿಯೋ ಬೇಡ ಎಂದು ನೀವೇ ಬರೆದುಹಾಕಿ.

ಒಂದು ವಿಷಯ ಮಾತ್ರ ನನಗೆ ಆತಂಕ ತಂದಿದೆ: ರಾತ್ರಿ ಮೂರರ ಆ ಎಚ್ಚರ. ನಿವೃತ್ತರಾದ ಗಂಡಸರು ಹೆದರಿಕೆಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಮೈಯಲ್ಲಿ ತೋರುತ್ತದೆ. ಬಿಪಿ ಒಮ್ಮೆ ನೋಡಿಸಿ. ಫೋನು ರಾತ್ರಿ ಹಾಲಿನಲ್ಲೇ ಇರಲಿ. ಎರಡು-ಮೂರು ವಾರದಲ್ಲೂ ನಿದ್ದೆ ಸರಿಹೋಗದಿದ್ದರೆ, ಊಟ ಇಳಿದರೆ, ಮಾನಸಿಕ ತಜ್ಞರ ಹತ್ತಿರ ಕರೆದೊಯ್ಯಲು ಹಿಂಜರಿಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗಾಗಿ ಬೇಕಾದರೂ ಮಾಡಿ, ಮೂರು ತಿಂಗಳಿಂದ ಎರಡು ಅಂತಸ್ತಿನ ನಡುವೆ ನೀವೊಬ್ಬರೇ ಓಡಾಡುತ್ತಿದ್ದೀರಿ.

ಲಾಟರಿಯ ನೋಂದಣಿ ಪ್ರತಿ ವರ್ಷ ಮಾರ್ಚ್‌ನಲ್ಲಿ ನಡೆಯುತ್ತದೆ. ಹುಡುಗಿ ಕಂಪ್ಯೂಟರ್ ಸೈನ್ಸ್ ಓದಿದ್ದರಿಂದ, ಒಂದು ವರ್ಷದ ಓಪಿಟಿ ಮುಗಿದ ಮೇಲೆ ಇನ್ನೂ 24 ತಿಂಗಳ ವಿಸ್ತರಣೆ ಕೇಳಬಹುದು. ಅದು ಸಿಕ್ಕರೆ, ಈ ಮಾರ್ಚ್ ತಪ್ಪಿದರೂ ಮುಂದಿನ ಎರಡು ಮಾರ್ಚ್‌ಗಳು ಅವಳಿಗೆ ಉಳಿದಿರುತ್ತವೆ. ಕಂಪನಿ ಈ ಸಲವೇ ಅವಳ ಹೆಸರು ನೋಂದಾಯಿಸುತ್ತದೆಯೇ, ಯಾವ ಸಂಬಳದ ದರ್ಜೆಯಲ್ಲಿ ಎಂಬುದನ್ನು ಫೆಬ್ರವರಿಯೊಳಗೆ ಅವಳು ಕೇಳಿ ತಿಳಿಯಬೇಕು. ಸಾಲದ ಕಾಗದ, ವಿಸ್ತರಣೆಯ ದಿನಾಂಕ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಸರಿಯಾಗಿ ನೋಡಬಲ್ಲವರು ಆ ಮನೆಯಲ್ಲಿ ಒಬ್ಬರೇ ಇದ್ದಾರೆ, ಅವರು ಕೆಳಗಿನ ಮನೆಯಲ್ಲಿದ್ದಾರೆ. ಆ ಫೈಲು ಹಿಡಿದು ಕೆಳಗಿಳಿಯಲು ಮೈದುನನಿಗೆ ಹೇಳಿ.