ಬಿಸಿಲೇರುವ ಮೊದಲು ಒಂದು ಸುತ್ತು

ಬೇಸಿಗೆ ಬಂತೆಂದರೆ ಎಲ್ಲವೂ ಒಣಗಿ ಸುಮ್ಮನಾಗುತ್ತದೆ ಎಂದು ಬಹಳಷ್ಟು ಜನ ನಂಬಿದ್ದಾರೆ. ಬಯಲುಸೀಮೆಯ ಯಾವುದೇ ಊರಿನ ಬೀದಿಯಲ್ಲಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಿ. ಹೊಂಗೆ ಹೂ ಉದುರಿಸುತ್ತಿರುತ್ತದೆ, ಕಾಗೆ ಕಡ್ಡಿ ಹೊತ್ತು ಹಾರುತ್ತಿರುತ್ತದೆ, ಬೇಲಿಯ ಮೇಲಿನ ಗಂಡು ಓತಿಕ್ಯಾತನ ತಲೆ ಕೆಂಪೇರಿರುತ್ತದೆ. ನಮ್ಮ ಸುತ್ತಲಿನ ಎಷ್ಟೋ ಜೀವಿಗಳಿಗೆ ಸಂಸಾರ ಹೂಡುವ ಕಾಲ ಇದೇ. ಇದನ್ನು ನೋಡಲು ಬಂಡೀಪುರಕ್ಕೆ ಹೋಗಬೇಕಿಲ್ಲ. ಮನೆಯ ಹತ್ತಿರದ ಒಂದು ಕಿಲೋಮೀಟರ್ ದಾರಿ ಸಾಕು, ಆದರೆ ಅದೇ ದಾರಿಗೆ ಮತ್ತೆ ಮತ್ತೆ ಹೋಗಬೇಕು.

ದಾರಿ ಮತ್ತು ಹೊತ್ತು

ದಾರಿ ಆರಿಸುವಾಗ ಮೂರು ಸಂಗತಿ ನೋಡಿ: ಒಂದು ದೊಡ್ಡ ಹಳೆಯ ಮರ, ಯಾರೂ ಕಳೆ ಕೀಳದ ಒಂದು ಖಾಲಿ ಜಾಗ, ಎಲ್ಲಾದರೂ ಸ್ವಲ್ಪ ನೀರು. ಕೆರೆಯೇ ಆಗಬೇಕೆಂದಿಲ್ಲ, ತೊಟ್ಟಿಕ್ಕುವ ನಲ್ಲಿಯ ಕೆಳಗಿನ ಕೆಸರೂ ಆದೀತು. ಅಚ್ಚುಕಟ್ಟಾಗಿ ಹುಲ್ಲು ಕತ್ತರಿಸಿದ ಉದ್ಯಾನಕ್ಕಿಂತ ಪಾಳು ಬಿದ್ದ ಸೈಟಿನಲ್ಲಿ ನೋಡುವುದಕ್ಕೆ ಹೆಚ್ಚು ಸಿಗುತ್ತದೆ.

ಬೆಳಗಿನ 6ರಿಂದ 8 ಒಳ್ಳೆಯ ಹೊತ್ತು. ರಾಯಚೂರು, ಕಲಬುರಗಿ ಕಡೆಯವರು ಏಳೂವರೆಗೇ ಮನೆ ಸೇರುವುದು ಕ್ಷೇಮ. ಟೋಪಿ, ಕುಡಿಯುವ ನೀರು, ಕಾಲಿಗೆ ಶೂ ಇರಲಿ. ಒಣಗಿದ ಎಲೆರಾಶಿಯಲ್ಲಿ ಹಾವು ಇದ್ದೀತು, ಕಾಣದ ಕಡೆ ಕಾಲಿಡಬೇಡಿ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಕ್ಯಾಮೆರಾ ಮಾತ್ರ ಮೊದಲ ತಿಂಗಳು ಮನೆಯಲ್ಲೇ ಇರಲಿ ಎಂಬುದು ನನ್ನ ಸಲಹೆ. ಚಿತ್ರ ತೆಗೆಯುವ ಅವಸರದಲ್ಲಿ ಹಕ್ಕಿ ಏನು ಮಾಡುತ್ತಿತ್ತು ಎಂಬುದೇ ತಪ್ಪಿಹೋಗುತ್ತದೆ.

ಒಂದು ಮರದ ಕೆಳಗೆ ನಿಲ್ಲಿ

ಬೇರೆ ಏನು ಮಾಡದಿದ್ದರೂ ಇದೊಂದನ್ನು ಮಾಡಿ. ದಾರಿಯಲ್ಲಿರುವ ಆಲ, ಅರಳಿ, ಅತ್ತಿ, ಗೋಣಿ ಮರಗಳಲ್ಲಿ ಯಾವುದರಲ್ಲಿ ಹಣ್ಣಿದೆ ಎಂದು ಹುಡುಕಿ. ಈ ಜಾತಿಯ ಮರಗಳೆಲ್ಲ ಒಟ್ಟಿಗೇ ಹಣ್ಣು ಬಿಡುವುದಿಲ್ಲ. ಪಕ್ಕಪಕ್ಕದ ಎರಡು ಆಲದ ಮರಗಳಲ್ಲೂ ಒಂದು ಬರಿದಾಗಿದ್ದು ಇನ್ನೊಂದು ಕೆಂಪಾಗಿರಬಹುದು. ಹಣ್ಣಾದ ಮರ ಸಿಕ್ಕಿತೆಂದರೆ ಅದರಿಂದ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ, ಸೂರ್ಯ ಬೆನ್ನ ಹಿಂದೆ ಇರುವಂತೆ, ಇಪ್ಪತ್ತು ನಿಮಿಷ ಅಲುಗಾಡದೆ ನಿಲ್ಲಿ. ಮೊದಲ ಐದು ನಿಮಿಷ ಎಲೆ ಬಿಟ್ಟು ಬೇರೇನೂ ಕಾಣಿಸದು. ಆಮೇಲೆ ಒಂದೊಂದಾಗಿ ಕೊಂಬೆಗಳು ಅಲುಗುತ್ತವೆ. ಪಿಕಳಾರ, ಗೊರವಂಕ, ಕೋಗಿಲೆ, ಎಲೆಯದೇ ಬಣ್ಣದ ಕುಟ್ರಹಕ್ಕಿ, ಎಲ್ಲವೂ ಅಲ್ಲೇ ಇದ್ದವು. ಉದುರಿದ ಹಣ್ಣೊಂದನ್ನು ಬಿಡಿಸಿ ನೋಡಿ, ಒಳಗೆ ಸಣ್ಣ ಕಣಜಗಳು ಸಿಗಬಹುದು. ಆಲ, ಅತ್ತಿಗಳ ಹೂವು ಈ ಕಾಯಿಯ ಒಳಗೇ ಅಡಗಿರುತ್ತದೆ. ಅಲ್ಲಿಗೆ ನುಸುಳಿ ಪರಾಗಸ್ಪರ್ಶ ಮಾಡುವುದು ಈ ಕಣಜಗಳೇ. ಅದೇ ಮರಕ್ಕೆ ಸಂಜೆ ಕತ್ತಲಾದ ಮೇಲೆ ಹೋದರೆ ಬಾವಲಿಗಳ ಸರದಿ.

ಹಣ್ಣಿನ ಮರ ಸಿಗದಿದ್ದರೆ ಹೂವಿನದ್ದನ್ನು ಹಿಡಿಯಿರಿ. ಕಕ್ಕೆ ಮರದಲ್ಲಿ ಹಳದಿ ಗೊಂಚಲುಗಳ ನಡುವೆಯೇ ಹಿಂದಿನ ವರ್ಷದ ಕರಿ ಕೋಲಿನಂಥ ಕಾಯಿಗಳೂ ತೂಗುತ್ತಿರುತ್ತವೆ. ಗುಲ್‌ಮೊಹರಿನ ಉದುರಿದ ಹೂವನ್ನು ಮಕ್ಕಳ ಕೈಗೆ ಕೊಟ್ಟು ಎಸಳು ಎಣಿಸಲು ಹೇಳಿ. ಐದರಲ್ಲಿ ಒಂದು ಮಾತ್ರ ಬಿಳಿ ಮಚ್ಚೆಯದ್ದು. ಮಡಗಾಸ್ಕರ್‌ನಿಂದ ಬಂದ ಮರ ಅದು. ಹೊಂಗೆಯ ಎಲೆಯ ಮೇಲೆ ಬೆರಳಿನಂತೆ ಎದ್ದ ಗಂಟುಗಳನ್ನೂ ಗಮನಿಸಿ. ಬರಿಗಣ್ಣಿಗೆ ಕಾಣದ ನುಸಿಯೊಂದು ಎಲೆಯಿಂದಲೇ ಕಟ್ಟಿಸಿಕೊಂಡ ಮನೆ ಅದು.

ಕಿವಿಯಿಂದ ಹುಡುಕುವುದು

ಬಿಸಿಲೇರಿದ ಮೇಲೂ ನಿಲ್ಲದ ‘ಟುಕ್, ಟುಕ್, ಟುಕ್’ ಸದ್ದು ಕಂಚುಗಾರ ಹಕ್ಕಿಯದು. ಅದು ಗುಬ್ಬಿಗಿಂತ ತುಸು ದೊಡ್ಡದು, ಮೈ ಹಸಿರು, ಹಣೆ ಕೆಂಪು, ಗಂಟಲು ಹಳದಿ. ಒಣಗಿದ ಕೊಂಬೆಯಲ್ಲಿ ಗುಂಡನೆಯ ತೂತು ಕೊರೆದು ಗೂಡು ಮಾಡುತ್ತದೆ. ಬೀದಿ ಮರಗಳ ಒಣಕೊಂಬೆಯನ್ನೆಲ್ಲ ಸವರಿಬಿಟ್ಟರೆ ಅದಕ್ಕೆ ಮನೆಯೇ ಇರುವುದಿಲ್ಲ. ಜನರಿಗೆ ಅಪಾಯವಿಲ್ಲದ ಕಡೆ ಅಂಥ ಕೊಂಬೆಯನ್ನು ಬಿಟ್ಟುಬಿಡಿ.

ಕೋಗಿಲೆಯ ಹಾಡು ಗಂಡಿನದು. ಕಪ್ಪು ಮೈ, ಕೆಂಪು ಕಣ್ಣು. ಕಂದು ಮೈಮೇಲೆ ಬಿಳಿ ಚುಕ್ಕೆಯಿರುವ ಹೆಣ್ಣು ‘ಕಿಕ್ ಕಿಕ್’ ಎಂದು ಚೀರುತ್ತದೆ. ಕೋಗಿಲೆಯನ್ನು ಕಾಗೆ ಅಟ್ಟಿಸಿಕೊಂಡು ಹೋಗುವುದು ಕಂಡರೆ ಹತ್ತಿರದಲ್ಲೇ ಕಾಗೆಯ ಗೂಡಿದ್ದೀತು. ಮೊಟ್ಟೆಯಿಡಲು ಕೋಗಿಲೆಗೆ ಬೇಕಾದದ್ದು ಆ ಗೂಡೇ. ಮುಂದೆ, ಮಳೆಗಾಲದ ಹೊಸ್ತಿಲಲ್ಲಿ, ಕಾಗೆ ಕೋಗಿಲೆಮರಿಗೆ ಗುಟುಕು ಕೊಡುವುದನ್ನೂ ನೀವು ಅದೇ ಬೀದಿಯಲ್ಲಿ ಕಾಣಬಹುದು. ದನಿಯ ಗುರುತು ಹತ್ತದಿದ್ದರೆ ಉಚಿತವಾಗಿ ಸಿಗುವ ಮರ್ಲಿನ್ ಆ್ಯಪ್ ನೆರವಾಗುತ್ತದೆ. ಆದರೂ ಅದು ಹೇಳಿದ ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿ.

ಮೊಣಕಾಲಿಗಿಂತ ಕೆಳಗೆ

ಖಾಲಿ ಸೈಟಿನಲ್ಲಿ ಎಕ್ಕದ ಗಿಡ ಇದ್ದೇ ಇರುತ್ತದೆ. ಅದರ ಎಲೆಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ಹಾಲಿನ ವಿಷ ಅದರ ಮೈ ಸೇರುವುದರಿಂದ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಮನೆಯ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸುವ ಮುನ್ನ ಬಗ್ಗಿ ನೋಡಿ. ಅದೂ ಚಿಟ್ಟೆಯ ಮರಿಹುಳುವೇ ಇರಬಹುದು. ಮಾವಿನ ಎಲೆಗಳನ್ನು ಹೊಲಿದಂತೆ ಅಂಟಿಸಿದ ಉಂಡೆ ಚಗಳಿ ಇರುವೆಗಳದು. ಆ ಹೊಲಿಗೆಗೆ ರೇಷ್ಮೆಯ ಎಳೆ ಬರುವುದು ಅವುಗಳ ಮರಿಗಳಿಂದ.

ಕೆರೆಯಂಗಳದಲ್ಲಿ, ಹೊಸ ಬಡಾವಣೆಯ ಜಲ್ಲಿಯ ನಡುವೆ ಟಿಟ್ಟಿಭ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ ನಾಲ್ಕು. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯದು. ಕಡು ಬಿಸಿಲಲ್ಲಿ ಅದು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ತಲೆಯ ಮೇಲೆ ಹಕ್ಕಿ ಕೂಗುತ್ತ ಸುತ್ತಿದರೆ ನಿಂತಲ್ಲೇ ನೆಲ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿ. ಗೂಡು ಎಲ್ಲಿದೆಯೆಂದು ಯಾರಿಗೂ ಹೇಳಬೇಡಿ, ಅದರ ಚಿತ್ರವನ್ನೂ ಹಂಚಬೇಡಿ. ಹೆಜ್ಜೇನಿನ ಹಲ್ಲೆ ಕಂಡರೆ ಗದ್ದಲವಿಲ್ಲದೆ ದೂರ ಸರಿಯಿರಿ.

ಬರೆದಿಡಿ

ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಜಾಗ, ಕಂಡದ್ದು, ಇಷ್ಟು ಸಾಕು. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ, ಮಾಡುತ್ತಿದ್ದ ಕೆಲಸ ಬರೆಯಿರಿ. ಮನೆಗೆ ಬಂದು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ತೆರೆದು ಹೋಲಿಸಿ. ಒಂದು ಮರವನ್ನೇ ವಾರಕ್ಕೊಮ್ಮೆ ಗಮನಿಸುವ ಮನಸ್ಸಿದ್ದರೆ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯಲ್ಲಿ ಅದನ್ನು ನೋಂದಾಯಿಸಿ. ಚಿಗುರು, ಹೂ, ಕಾಯಿ ಎಷ್ಟಿವೆ ಎಂದು ದಾಖಲಿಸುತ್ತ ಹೋದರೆ ದೇಶದ ಋತುಗಳ ಲೆಕ್ಕಕ್ಕೆ ನಿಮ್ಮ ಬೀದಿಯ ಹೊಂಗೆಯೂ ಸೇರುತ್ತದೆ. ಶಾಲಾ ಮಕ್ಕಳಿಗೆ ರಜೆಯಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚದು.

ಭರಣಿ, ಕೃತ್ತಿಕಾ ಮಳೆ ಬಿದ್ದ ದಿನದ ಸುತ್ತನ್ನು ಮಾತ್ರ ತಪ್ಪಿಸಬೇಡಿ. ಮಳೆ ನಿಂತ ಸಂಜೆ ನೆಲದಿಂದ ಈಸಲು ಹುಳು ಏಳುತ್ತದೆ, ಕಾಜಾಣ, ಗೊರವಂಕ, ಹದ್ದುಗಳೆಲ್ಲ ಮುಗಿಬೀಳುತ್ತವೆ, ರಾತ್ರಿ ಕಪ್ಪೆಗಳ ದನಿ ಶುರುವಾಗುತ್ತದೆ. ಮಲೆನಾಡಿನವರಾದರೆ ಮೇ ಕೊನೆಯಲ್ಲಿ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೊರಡಿ. ಮಿಂಚುಹುಳು ಕಂಡ ಕಡೆ ಟಾರ್ಚ್ ಆರಿಸಿ ನಿಲ್ಲಿ. ಹಗಲಿನಲ್ಲಿ ಹಳೆಯ ಮರಗಳ ಕಾಂಡವನ್ನೂ ನೋಡುತ್ತ ಹೋಗಿ, ಸೀತಾಳೆದಂಡೆ ಆರ್ಕಿಡ್ ಹೂಬಿಡುವುದು ಆಗಲೇ.